ಸುಮ್ಮನಿದ್ದಾನೆ ಎಂದರೆ ಒಗ್ಗಿದ್ದಾನೆ ಎಂದಲ್ಲ

ಹರಿಹರದ ತುಂಗಭದ್ರೆಯ ದಂಡೆ. ಸಂಜೆ ಐದರ ಸಮಯ. ಹೀಗೊಂದು ಚಿತ್ರ ಕಲ್ಪಿಸಿಕೊಳ್ಳಿ. ಬಾಡಿಗೆ ಕಾರಿನಿಂದ ವಿದೇಶಿ ದಂಪತಿ ಇಳಿಯುತ್ತಾರೆ. ಅವರ ನಡುವೆ ಮೂರೂವರೆ ವರ್ಷದ ಹುಡುಗ. ನಾಲ್ಕು ದಿನಗಳ ಹಿಂದಷ್ಟೇ ಮಕ್ಕಳ ಆಶ್ರಯಧಾಮವೊಂದರಿಂದ ಅವನನ್ನು ತಮ್ಮ ಮಡಿಲಿಗೆ ಪಡೆದಿದ್ದಾರೆ. ಪಾಸ್‌ಪೋರ್ಟ್, ವೀಸಾ ಕೈಗೆ ಬರುವವರೆಗೆ ದಾವಣಗೆರೆಯ ವಸತಿಗೃಹವೇ ಮನೆ. ಅಷ್ಟರಲ್ಲಿ ಮಗ ಹುಟ್ಟಿದ ನಾಡನ್ನು ಒಂದಿಷ್ಟು ನೋಡೋಣ ಎಂದು ಹೊರಟಿದ್ದಾರೆ. ಹರಿಹರೇಶ್ವರನ ಗುಡಿ ಆಯಿತು, ಪಕ್ಕದ ಗುತ್ತೂರಿನ ಕಡೆ ಒಂದು ಸುತ್ತು ಆಯಿತು, ಈಗ ಹೊಳೆ.

ಹುಡುಗ ಅಳುವುದಿಲ್ಲ, ಹಟ ಮಾಡುವುದಿಲ್ಲ. ಎತ್ತಿಕೊಂಡರೆ ಎತ್ತಿಸಿಕೊಳ್ಳುತ್ತಾನೆ, ಇಳಿಸಿದರೆ ನಿಲ್ಲುತ್ತಾನೆ. ಕೊಟ್ಟಿದ್ದನ್ನು ತಿನ್ನುತ್ತಾನೆ. ಕಾರಿನ ಚಾಲಕ ಮೆಚ್ಚಿ ಹೇಳುತ್ತಾನೆ: 'ಎಷ್ಟು ಒಳ್ಳೇ ಹುಡುಗ, ಆಗಲೇ ಒಗ್ಗಿಕೊಂಡುಬಿಟ್ಟಿದ್ದಾನೆ!' ದಂಪತಿಗೂ ಹಾಗೇ ಅನ್ನಿಸುತ್ತದೆ.

ಆದರೆ ನಿಜವಾಗಿ ಒಗ್ಗಿದ್ದಾನೆಯೇ?

ಈ ಪ್ರಶ್ನೆಗೆ ಉತ್ತರ ಹೇಳಿದವರು ಇಂಗ್ಲೆಂಡಿನ ಇಬ್ಬರು. ಎರಡನೆಯ ಮಹಾಯುದ್ಧದ ನಂತರ ಅಲ್ಲಿ ಮನೆ ಕಳೆದುಕೊಂಡ ಮಕ್ಕಳು, ಆಸ್ಪತ್ರೆಗಳಲ್ಲಿ ತಾಯಿಯಿಂದ ದೂರವಿದ್ದ ಮಕ್ಕಳು ಬಹಳ. ಮನೋವೈದ್ಯ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ಒಂದು ವರದಿ ಬರೆದರು. ಎಳೆಯ ಮಗುವಿಗೆ ಅನ್ನ, ಬಟ್ಟೆ, ಔಷಧಿ ಎಷ್ಟು ಮುಖ್ಯವೋ ತನ್ನವರೆನ್ನುವ ಒಬ್ಬರ ಬಿಡದ ಸಾಮೀಪ್ಯವೂ ಅಷ್ಟೇ ಮುಖ್ಯ ಎಂಬುದು ಅದರ ತಿರುಳು. ಅವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ 1952ರಲ್ಲಿ ಒಂದು ಚಲನಚಿತ್ರ ತೋರಿಸಿದರು. ಎರಡು ವರ್ಷದ ಹುಡುಗಿಯೊಬ್ಬಳು ತಾಯಿಯಿಲ್ಲದೆ ಆಸ್ಪತ್ರೆಯಲ್ಲಿ ಕಳೆದ ಎಂಟು ದಿನಗಳ ಚಿತ್ರ ಅದು. ನೋಡಿದ ವೈದ್ಯರಲ್ಲಿ ಅನೇಕರು ಮೊದಲು ಸಿಟ್ಟಾದರು. ಏಕೆಂದರೆ ವಾರ್ಡಿನಲ್ಲಿ ಸುಮ್ಮನಿರುವ ಮಗು ಸುಖವಾಗಿದೆ ಎಂದೇ ಅವರೆಲ್ಲ ನಂಬಿದ್ದರು.

ತನ್ನವರಿಂದ ಅಗಲಿದ ಮಗು ಮೂರು ಹಂತಗಳನ್ನು ದಾಟುತ್ತದೆ ಎಂದು ಇವರು ಕಂಡುಕೊಂಡರು. ಮೊದಲು ಅಳು, ಪ್ರತಿಭಟನೆ. ಅದಕ್ಕೆ ಫಲ ಸಿಗದಾಗ ನಿರಾಶೆ. ಕೊನೆಗೆ ಯಾರನ್ನೂ ಹಚ್ಚಿಕೊಳ್ಳದ ನಿರ್ಲಿಪ್ತತೆ. ಹೊರಗಿನವರಿಗೆ ಈ ಮೂರನೆಯ ಹಂತವೇ 'ಒಗ್ಗಿಕೊಂಡಿದೆ' ಎಂದು ಕಾಣುವುದು!

ಈಗ ಹೊಳೆದಂಡೆಯ ಹುಡುಗನನ್ನು ಮತ್ತೊಮ್ಮೆ ನೋಡಿ. ನಮಗೆ ಅವನು 'ಅನಾಥ'. ಅವನ ಲೆಕ್ಕದಲ್ಲಿ ಹಾಗಲ್ಲ. ಅವನಿಗೆ ಒಬ್ಬ ಆಯಾ ಇದ್ದಳು. ಅವಳ ಸೀರೆಯ ವಾಸನೆ, ಬೆಳಗಿನ ಗಂಜಿಯ ತಟ್ಟೆ, ಸಾಲಾಗಿ ಹಾಸಿದ ಹಾಸಿಗೆ, ಪಕ್ಕದಲ್ಲಿ ಮಲಗುತ್ತಿದ್ದ ಗೆಳೆಯ ಇದ್ದರು. ಒಂದೇ ಮಧ್ಯಾಹ್ನದಲ್ಲಿ ಅದೆಲ್ಲ ಹೋಯಿತು. ಹೊಸ ತಂದೆತಾಯಿಗೆ ಆ ದಿನ ಬದುಕಿನ ದೊಡ್ಡ ಹಬ್ಬ. ಮಗುವಿಗೆ ಅದು ಅಗಲಿಕೆ. ದತ್ತು ಸ್ವೀಕಾರದ ಮೊದಲ ದಿನಗಳ ಕಷ್ಟವೆಲ್ಲ ಇರುವುದು ಇಲ್ಲಿಯೇ.

ಹಾಗಾದರೆ ಇಂಥ ಮಗುವನ್ನು ಪರದೇಶಕ್ಕೇಕೆ ಕಳಿಸಬೇಕು ಎಂದು ಓದುಗರು ಕೇಳಬಹುದು. ಈ ಪ್ರಶ್ನೆ ಸುಪ್ರೀಂ ಕೋರ್ಟಿನ ಮೆಟ್ಟಿಲನ್ನೂ ಹತ್ತಿದೆ. ಭಾರತದ ಮಕ್ಕಳನ್ನು ವಿದೇಶಿಯರಿಗೆ ಒಪ್ಪಿಸುವ ಕೆಲಸದಲ್ಲಿ ಅಕ್ರಮಗಳಿವೆ ಎಂದು ವಕೀಲ ಲಕ್ಷ್ಮೀಕಾಂತ ಪಾಂಡೆ 1982ರಲ್ಲಿ ನ್ಯಾಯಾಲಯಕ್ಕೆ ಪತ್ರ ಬರೆದರು. ಅದನ್ನೇ ಅರ್ಜಿಯೆಂದು ತೆಗೆದುಕೊಂಡ ನ್ಯಾಯಾಲಯ 1984ರಲ್ಲಿ ತೀರ್ಪು ನೀಡಿತು. ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ಬರೆದ ಆ ತೀರ್ಪಿನಂತೆ ಮೊದಲು ನಮ್ಮ ದೇಶದಲ್ಲೇ ಮಗುವಿಗೆ ಮನೆ ಹುಡುಕಬೇಕು, ಸಿಗದಿದ್ದರೆ ಮಾತ್ರ ಹೊರದೇಶ. 1990ರಲ್ಲಿ ಇದಕ್ಕೆಂದೇ 'ಕಾರಾ' ಎಂಬ ಕೇಂದ್ರ ಸಂಸ್ಥೆ ಹುಟ್ಟಿತು. ದೇಶದೇಶಗಳ ನಡುವಿನ ದತ್ತು ಕುರಿತ 1993ರ ಹೇಗ್ ಒಪ್ಪಂದವನ್ನು ಭಾರತ 2003ರಲ್ಲಿ ಅಂಗೀಕರಿಸಿತು. ಹಿಂದೆ ದತ್ತು ಆದೇಶ ನೀಡುತ್ತಿದ್ದುದು ನ್ಯಾಯಾಲಯ. 2022ರ ಸೆಪ್ಟೆಂಬರ್‌ನಿಂದ ಆ ಅಧಿಕಾರ ಜಿಲ್ಲಾಧಿಕಾರಿಗಳದ್ದು.

2024–25ರಲ್ಲಿ ದೇಶದಲ್ಲಿ 4,515 ಮಕ್ಕಳು ಕಾರಾ ಮೂಲಕ ದತ್ತು ಹೋದರು. ಅವರಲ್ಲಿ 4,155 ಮಕ್ಕಳಿಗೆ ಭಾರತದಲ್ಲೇ ಮನೆ ಸಿಕ್ಕಿತು. ಹೊರಗೆ ಹೋಗುವವರಲ್ಲಿ ಬಹುಪಾಲು ಸ್ವಲ್ಪ ದೊಡ್ಡ ಮಕ್ಕಳು, ಬೇರ್ಪಡಿಸಲಾಗದ ಒಡಹುಟ್ಟಿದವರು, ವಿಶೇಷ ಆರೈಕೆ ಬೇಕಾದವರು. ಎಲ್ಲರಿಗೂ ಬೇಕಾದದ್ದು ಹಸುಗೂಸು. ಮೂರು ದಾಟಿದ ಮಗುವನ್ನು 'ಹೇಗೆ ಒಗ್ಗೀತು?' ಎಂಬ ಅಳುಕಿನಿಂದ ನಮ್ಮವರೇ ಬಿಟ್ಟುಬಿಡುತ್ತಾರೆ. ಆದ್ದರಿಂದ ಒಗ್ಗಿಸಿಕೊಳ್ಳುವ ಬಗೆಯನ್ನು ತಿಳಿಯುವುದು ದಾವಣಗೆರೆ, ಹರಿಹರದ ಪಾಲಕರಿಗೂ ಬೇಕಾದದ್ದೇ.

ಬಗೆ ಬಹಳ ಸರಳ, ಆದರೆ ತಾಳ್ಮೆ ಬೇಡುವಂಥದು. ಮಗು ಹುಟ್ಟಿದ ನಾಡಿನಲ್ಲಿ ಕಳೆಯುವ ಆ ಕೆಲವು ದಿನಗಳಲ್ಲಿ ಪರಿಚಿತವಾದದ್ದನ್ನು ಆದಷ್ಟು ಉಳಿಸಬೇಕು. ಅನ್ನಸಾರು ಉಂಡು ಬೆಳೆದ ಮಗುವಿಗೆ ಮೊದಲ ರಾತ್ರಿ ಹೋಟೆಲಿನ ಕೇಕು ಬೇಡ, ಅನ್ನಸಾರೇ ಇರಲಿ. ಅದನ್ನು ಹೊಸ ತಾಯಿಯ ಅಥವಾ ತಂದೆಯ ಕೈ ಉಣಿಸಲಿ. ಆಶ್ರಯಧಾಮದಲ್ಲಿ ಹೊದೆಯುತ್ತಿದ್ದ ಹಳೆಯ ಹೊದಿಕೆ ಸಿಕ್ಕರೆ ಕೇಳಿ ತರಬೇಕು. ಅದನ್ನು ಒಗೆಯುವ ಅವಸರ ಬೇಡ, ಅದರ ವಾಸನೆಯಲ್ಲೇ ಅದರ ಬೆಲೆ ಇದೆ. ಕರೆಯುತ್ತಿದ್ದ ಹೆಸರನ್ನು ಒಂದೇ ದಿನಕ್ಕೆ ಬದಲಿಸಬಾರದು. ಎಲ್ಲವನ್ನೂ ಕಳೆದುಕೊಂಡ ಮಗುವಿನ ಬಳಿ ಉಳಿದಿರುವ ಒಂದೇ ಆಸ್ತಿ ಅದು.

ಇನ್ನು ಭಾಷೆ. ವಿದೇಶಿ ಪಾಲಕರು ಹತ್ತು ಕನ್ನಡ ಪದ ಕಲಿತರೂ ಸಾಕು. ಬಾ, ಊಟ, ನೀರು, ಸಾಕು, ನಿದ್ದೆ, ನೋವು, ಇಲ್ಲೇ ಇದ್ದೇನೆ. ಬೇರೆ ಜಿಲ್ಲೆಯಿಂದ, ಬೇರೆ ಮಾತಿನ ಮನೆಯಿಂದ ಮಗುವನ್ನು ತಂದ ನಮ್ಮವರಿಗೂ ಈ ಮಾತು ಅನ್ವಯಿಸುತ್ತದೆ. ಮಗು ತಮ್ಮ ಭಾಷೆ ಕಲಿಯಲಿ ಎಂದು ಕಾಯುವ ಮೊದಲು ದೊಡ್ಡವರು ಮಗುವಿನ ಭಾಷೆಯತ್ತ ನಾಲ್ಕು ಹೆಜ್ಜೆ ಇಡಬೇಕು.

ಊರು ನೋಡುವ ಆಸೆ ಸಹಜ. ಆದರೆ ದಿನಕ್ಕೊಂದು ಊರು, ರಾತ್ರಿಗೊಂದು ಹಾಸಿಗೆ ಎಂದಾದರೆ ಮಗು ಮತ್ತೆ ಮತ್ತೆ ಕಿತ್ತ ಸಸಿಯಾಗುತ್ತದೆ. ಭತ್ತದ ಸಸಿಯನ್ನು ಮಡಿಯಿಂದ ಕಿತ್ತು ನಾಟಿ ಮಾಡಿದಾಗ ಮೊದಲ ಕೆಲವು ದಿನ ಅದು ಬಾಡಿದಂತೆ ಕಾಣುವುದನ್ನು ಈ ಭಾಗದ ರೈತರೆಲ್ಲ ಬಲ್ಲರು. ಬೇರು ಹಿಡಿಯಿತೇ ಎಂದು ಯಾರೂ ದಿನವೂ ಕಿತ್ತು ನೋಡುವುದಿಲ್ಲ. ಒಂದೇ ಕೋಣೆ, ಒಂದೇ ಹೊತ್ತಿಗೆ ಊಟ, ಒಂದೇ ಹೊತ್ತಿಗೆ ಸ್ನಾನ, ಸಂಜೆ ಅದೇ ಹೊಳೆಯ ದಂಡೆ. ಮಗುವಿಗೆ ಇದೇ ದೊಡ್ಡ ಪ್ರವಾಸ.

ಮಗು ರೊಟ್ಟಿಯ ಚೂರನ್ನು ದಿಂಬಿನ ಕೆಳಗೆ ಬಚ್ಚಿಟ್ಟರೆ ಗದರಬಾರದು. ನಾಳೆ ಸಿಗುತ್ತದೋ ಇಲ್ಲವೋ ಎಂಬ ಭಯ ಅದು. ಕಂಡಕಂಡವರ ತೋಳಿಗೆ ನಗುತ್ತ ಹೋದರೆ 'ಎಷ್ಟು ಸ್ನೇಹಮಯಿ' ಎಂದು ಹಿಗ್ಗಬಾರದು. ತನ್ನವರು ಯಾರೆಂದು ಇನ್ನೂ ತಿಳಿದಿಲ್ಲ ಎಂದು ಅದರ ಅರ್ಥ. ಬದಲಿಗೆ, ಒಂದು ದಿನ ಮಗು ಹಟ ಮಾಡಿ ಅತ್ತರೆ, ತಾಯಿ ಬಚ್ಚಲಿಗೆ ಹೋದಾಗ ಬಾಗಿಲು ಬಡಿದರೆ ಸಂತೋಷಪಡಬೇಕು. ಅತ್ತರೆ ಯಾರೋ ಬರುತ್ತಾರೆ ಎಂಬ ನಂಬಿಕೆ ಹುಟ್ಟಿದ ಮಗು ಮಾತ್ರ ಹಾಗೆ ಅಳುತ್ತದೆ.

ನಮ್ಮ ರಾಜ್ಯದಲ್ಲೇ ಹುಟ್ಟಿದ ಒಬ್ಬರ ಕಥೆ ಇಲ್ಲಿ ನೆನಪಾಗಬೇಕು. 1970ರ ಮೇ ತಿಂಗಳಲ್ಲಿ ಉಡುಪಿಯ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆಯಲ್ಲಿ ಒಬ್ಬ ತಾಯಿ ಗಂಡುಮಗುವನ್ನು ಹೆತ್ತರು. ಸಾಕುವ ಶಕ್ತಿ ಅವರಿಗಿರಲಿಲ್ಲ. ಮಗುವಿಗೆ ಒಳ್ಳೆಯ ಭವಿಷ್ಯ ಕೊಡಬಲ್ಲವರ ಕೈಗೆ ಒಪ್ಪಿಸಿ ಎಂದು ವೈದ್ಯರನ್ನು ಕೇಳಿಕೊಂಡರು. ಸ್ವಿಟ್ಜರ್‌ಲೆಂಡಿನ ಒಂದು ದಂಪತಿ ಮಗುವನ್ನು ಮಡಿಲಿಗೆ ತೆಗೆದುಕೊಂಡರು. ಆದರೆ ಕೂಡಲೇ ವಿಮಾನ ಹತ್ತಲಿಲ್ಲ. ಅವರ ಕೆಲಸ ಕೇರಳದ ತಲಶ್ಶೇರಿಯಲ್ಲಿತ್ತು. ಮಗುವಿನ ಮೊದಲ ನಾಲ್ಕು ವರ್ಷಗಳು ಅಲ್ಲೇ, ಹುಟ್ಟಿದ ಊರಿನಂಥದೇ ಮಳೆಯ ಕರಾವಳಿಯಲ್ಲಿ ಕಳೆದವು. ತಂದೆತಾಯಿಯ ಜೊತೆ ಬಂಧ ಬೆಸೆದ ಮೇಲೆ ಮಗು ಹಿಮದ ನಾಡಿಗೆ ಹೋಯಿತು.

ಆ ಮಗುವೇ ನಿಕ್ಲಾಸ್ ಸ್ಯಾಮುಯೆಲ್ ಗುಗ್ಗರ್. ಓದಿನ ಖರ್ಚಿಗಾಗಿ ಲಾರಿ ಓಡಿಸಿ, ತೋಟದ ಕೆಲಸ ಮಾಡಿ ಮೇಲೆ ಬಂದವರು. 2017ರಲ್ಲಿ ಸ್ವಿಟ್ಜರ್‌ಲೆಂಡಿನ ಸಂಸತ್ತಿನ ಸದಸ್ಯರಾದರು. ಅವರ ಬದುಕಿನಲ್ಲಿ ಪದವಿಗಿಂತ ದೊಡ್ಡದೊಂದು ಸಂಗತಿ ಇದೆ. ತಮ್ಮ ಮಗಳಿಗೆ ಅವರು ಇಟ್ಟಿರುವುದು ತಮ್ಮನ್ನು ಹೆತ್ತ ತಾಯಿಯ ಹೆಸರನ್ನು. ಸಾಕಿದವರು ಆ ಹೆಸರನ್ನು ಮುಚ್ಚಿಟ್ಟಿದ್ದರೆ ಇದು ಸಾಧ್ಯವಿರಲಿಲ್ಲ. ಹೆತ್ತವಳ ನೆನಪಿಗೆ ಮನೆಯಲ್ಲಿ ಜಾಗ ಕೊಟ್ಟಿದ್ದರಿಂದ ಸಾಕಿದವರ ಪ್ರೀತಿ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ.

ಹಾಗೆ ಮುಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲಿ ಹಳೆಯ ಕಥೆಯೇ ಇದೆ. ಮಹಾಭಾರತದ ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನಿಗೆ ಅವನ ಹುಟ್ಟಿನ ವಿಷಯ ತೆಗೆದು, ಪಾಂಡವರ ಕಡೆ ಬಾ ಎಂದು ಕರೆಯುತ್ತಾನೆ. ಕರ್ಣ ರಾಜ್ಯದ ಆಸೆಗೆ ಬಗ್ಗುವುದಿಲ್ಲ. ತನ್ನನ್ನು ಮನೆಗೆ ತಂದಾಗ ವಾತ್ಸಲ್ಯದಿಂದ ರಾಧೆಯ ಎದೆಯಲ್ಲಿ ಹಾಲು ತುಂಬಿತು, ತನ್ನ ಮಲಮೂತ್ರ ಬಳಿದವಳು ಅವಳು, ಅವಳನ್ನು ಹೇಗೆ ಬಿಡಲಿ ಎಂದು ಕೇಳುತ್ತಾನೆ. ಪಂಪನಿಗೆ ಅಷ್ಟು ಪ್ರಿಯನಾದ ಆ ಕರ್ಣನಿಗೆ ಪ್ರೀತಿಯ ಕೊರತೆ ಇರಲಿಲ್ಲ. ಸತ್ಯ ಹೇಳಬೇಕಾದವರು ಅದನ್ನು ಹೇಳಿದ್ದು ಯುದ್ಧ ಬಾಗಿಲಿಗೆ ಬಂದ ಮೇಲೆ.

ಆದ್ದರಿಂದ ದತ್ತು ಮಗುವಿಗೆ ನಿಜವನ್ನು ಚಿಕ್ಕಂದಿನಲ್ಲೇ, ಮಲಗುವ ಹೊತ್ತಿನ ಕಥೆಯಂತೆ ಹೇಳುತ್ತ ಬರಬೇಕು. ನಮ್ಮ ದತ್ತು ನಿಯಮಗಳೂ ಮಗುವಿನ ಈ ಹಕ್ಕನ್ನು ಒಪ್ಪುತ್ತವೆ. ಹದಿನೆಂಟು ತುಂಬಿದವರು ತಾವೇ, ಅದಕ್ಕಿಂತ ಚಿಕ್ಕವರು ಪಾಲಕರೊಡನೆ ಸೇರಿ ತಮ್ಮ ಬೇರನ್ನು ಅರಸಲು ಅರ್ಜಿ ಹಾಕಬಹುದು. ಹೆತ್ತವರ ಗುಟ್ಟು ಕಾಪಾಡುವ ಹೊಣೆಯೂ ಅಲ್ಲಿದೆ. ಹುಟ್ಟಿದ ನಾಡಿನ ಪ್ರವಾಸದಲ್ಲಿ ತೆಗೆದ ಫೋಟೋ, ಆಯಾಳ ಜೊತೆಗಿನ ಚಿತ್ರ, ಆಶ್ರಯಧಾಮದ ಬಾಗಿಲು, ಹೊಳೆದಂಡೆಯಲ್ಲಿ ಆರಿಸಿದ ಒಂದು ಕಲ್ಲು ಮುಂದೆ ಮಗುವಿನ ಪ್ರಶ್ನೆಗಳಿಗೆ ಉತ್ತರವಾಗುತ್ತವೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ನಿಮ್ಮ ತರಗತಿಯಲ್ಲಿ ದತ್ತು ಬಂದ ಗೆಳೆಯನೋ ಗೆಳತಿಯೋ ಇರಬಹುದು. 'ನಿನ್ನ ನಿಜವಾದ ಅಮ್ಮ ಯಾರು?' ಎಂದು ಕೇಳುವ ಮುನ್ನ ಯೋಚಿಸಿ. ರಾತ್ರಿ ಜ್ವರ ಬಂದಾಗ ಹಣೆಯ ಮೇಲೆ ಒದ್ದೆ ಬಟ್ಟೆ ಇಡುವವಳು ನಿಜವಾದ ಅಮ್ಮ. ಹೆತ್ತು, ಕೈಬಿಡಬೇಕಾಗಿ ಬಂದವಳು ಸುಳ್ಳು ಅಮ್ಮ ಆಗುವುದಿಲ್ಲ. ಹರಿಹರದ ಗುಡಿಯಲ್ಲಿ ಅರ್ಧ ಹರಿ, ಅರ್ಧ ಹರನಾಗಿ ನಿಂತ ಮೂರ್ತಿಗೆ 'ನೀನು ನಿಜವಾಗಿ ಯಾರು?' ಎಂದು ಈ ಊರಿನವರು ಕೇಳುವುದುಂಟೇ?

ಮತ್ತೆ ಹೊಳೆಯ ದಂಡೆಗೆ ಬರೋಣ. ದಂಪತಿ ಮರುದಿನ ಬೇರೆ ಊರಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಮೂರು ಸಂಜೆ ಅದೇ ಜಾಗ. ಮೂರನೆಯ ಸಂಜೆ ಹುಡುಗ ಹೊಳೆಯತ್ತ ಬೆರಳು ತೋರಿಸಿ 'ನೀರು' ಅನ್ನುತ್ತಾನೆ. ಹೊಸ ತಾಯಿ ತಪ್ಪು ಉಚ್ಚಾರದಲ್ಲಿ 'ನೀರು' ಎಂದು ಮರುನುಡಿಯುತ್ತಾಳೆ. ಹುಡುಗ ಅವಳ ಮುಖವನ್ನೇ ನೋಡಿ, ತಿದ್ದುವವನಂತೆ ಇನ್ನೊಮ್ಮೆ ಹೇಳುತ್ತಾನೆ. ವಾಪಸು ಹೊರಡುವಾಗ ಕಾರು ಹತ್ತಲಾರೆ ಎಂದು ಜೋರಾಗಿ ಅಳುತ್ತಾನೆ. ಅಳುತ್ತಲೇ ಅವಳ ಕೊರಳನ್ನು ಬಿಗಿಯಾಗಿ ತಬ್ಬಿಕೊಳ್ಳುತ್ತಾನೆ.