ಆಯೇರಿಯ ಕಪಾಟು

ಕಪಾಟು ಸಾಲುತ್ತಿಲ್ಲವೆಂಬ ದೂರು ಇಂದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಮನೆಮನೆಯಲ್ಲಿಯೂ ಕೇಳಿಬರುತ್ತಿದೆ. ಇನ್ನೊಂದು ಕಪಾಟನ್ನು ಕೊಳ್ಳುವುದೇ ಇದಕ್ಕೆ ಪರಿಹಾರವೆಂದು ತಿಳಿದಿರುವ ಸದ್ಭಕ್ತರೇ, ಮೊದಲು ಇರುವುದನ್ನು ಬರಿದು ಮಾಡಿ ನೋಡಿರಿ. ಅದರಲ್ಲಿ ನೀವು ಉಡುವ ಬಟ್ಟೆ ಎಷ್ಟು? ಉಳಿದುದೆಲ್ಲ ಆಯೇರಿ! ಯಾರದೋ ಮದುವೆ, ಯಾರದೋ ಗೃಹಪ್ರವೇಶದಲ್ಲಿ ಬಂದ ಸೀರೆ, ಕುಪ್ಪಸದ ಖಣ, ಟಾವೆಲು, ಟೊಪ್ಪಿಗೆ, ಎಂದೂ ಹೊಲಿಸದ ಶರ್ಟಿನ ಪೀಸುಗಳು.

ಬಂಧುಗಳು ಒಬ್ಬರಿಗೊಬ್ಬರು ಆಸರೆಯಾಗಲೆಂಬ ಭಾವನೆ ಆಯೇರಿಯಲ್ಲಿ ಇತ್ತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇಂದು ಅಂಗಡಿಕಾರನು ಸೀರೆಯನ್ನು ಬಿಚ್ಚುವ ಮೊದಲೇ "ಉಡಾಕೋ, ಕೊಡಾಕೋ?" ಎಂದು ಕೇಳುತ್ತಾನೆ. ಈ ಒಂದು ಪ್ರಶ್ನೆಯಲ್ಲಿಯೇ ನಮ್ಮ ಔದಾರ್ಯದ ಬಣ್ಣ ಬಯಲಾಗುವುದಿಲ್ಲವೇ? ತಾನು ಉಡಲಾರದುದನ್ನು ಬೀಗರಿಗೆ ಕೊಡುವುದು. ಬೀಗರು ಅದನ್ನು ಮಡಿಕೆ ಬಿಚ್ಚದೆ ಮತ್ತೊಬ್ಬರಿಗೆ ದಾಟಿಸುವುದು. ಊರೆಲ್ಲ ಸುತ್ತಿ ಕೊಟ್ಟವರ ಮನೆಗೇ ಮರಳಿ ಬಂದ ಖಣಗಳೂ ಉಂಟು! ಇದರಿಂದ ನೇಕಾರನಿಗೆ ಅನ್ನ ದೊರೆಯುತ್ತದೆಂಬ ವಾದವೂ ನಿಲ್ಲದು. ಗುಳೇದಗುಡ್ಡದ ಕೈಮಗ್ಗದ ಖಣವನ್ನಾಗಲಿ, ಇಳಕಲ್ಲಿನ ಸೀರೆಯನ್ನಾಗಲಿ ಆಯೇರಿಗೆಂದು ಕೊಳ್ಳುವವರು ಎಷ್ಟು ಜನ? ಕೊಳ್ಳುವುದು ಅಗ್ಗದ ಪಾಲಿಯೆಸ್ಟರ್. ಆದರೂ ನಿಪ್ಪಾಣಿಯಲ್ಲಿ ಬೀಡಿ ಕಟ್ಟಿ ಬದುಕುವ ತಾಯಿಯು ಮಗಳ ಲಗ್ನದಲ್ಲಿ ಬೀಗರ ಕಡೆಯವರಿಗೆಲ್ಲ ಆಯೇರಿ ಮಾಡಲು ಸಾಲ ಎತ್ತಬೇಕು. ಆ ಸಾಲದ ಬಟ್ಟೆಯೇ ನಿಮ್ಮ ಕಪಾಟಿನ ಕೆಳಗಿನ ಖಾನೆಯಲ್ಲಿ ಡಾಂಬರ ಗುಳಿಗೆಯ ವಾಸನೆ ಹೀರುತ್ತ ಬಿದ್ದಿದೆ.

ಬೇಡಾದುದನ್ನು ನೆರೆ ಬಂದಾಗ ಕೊಟ್ಟರಾಯಿತೆಂದು ಕೆಲವರು ಹೇಳುತ್ತಾರೆ. 2019ರ ಆಗಸ್ಟ್‌ನಲ್ಲಿಯೂ 2021ರ ಜುಲೈಯಲ್ಲಿಯೂ ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಉಕ್ಕಿದುದನ್ನು ನಮ್ಮ ಭಾಗದವರಿಗೆ ಹೇಳಬೇಕಾಗಿಲ್ಲ. ಮನೆ ಬಿಟ್ಟು ಬಂದವರಿಗೆ ಬೇಕಾದುದು ಒಣಗಿದ ಹೊದಿಕೆ, ಒಳ ಉಡುಪು, ಮಕ್ಕಳ ಅಂಗಿ. ಗುಂಡಿ ಕಿತ್ತ ಶರ್ಟಲ್ಲ. ಮನೆಯ ಕಸವನ್ನು ಲಾರಿಗೆ ಹೇರುವುದಕ್ಕೆ ದಾಸೋಹವೆಂಬ ಹೆಸರನ್ನು ದಯವಿಟ್ಟು ಇಡಬೇಡಿರಿ.

ಹೊಂದಿಸುವ ಕೆಲಸ ಕಠಿಣವಾದುದಲ್ಲ. ಎರಡು ಸಂಕ್ರಾಂತಿ ಕಳೆದರೂ ಮೈಮುಟ್ಟದ ಬಟ್ಟೆಯನ್ನು ಹೊರಗಿಡಿರಿ. ಗಟ್ಟಿಯಾದುದನ್ನು ಒಗೆದು, ಗುಂಡಿ ಹಚ್ಚಿ, ಉಡುವವರನ್ನು ಕೇಳಿ ಕೊಡಿರಿ. ಹಳೆಯ ನೂಲಿನ ಸೀರೆ-ಧೋತರಗಳಿಂದ ಕೌದಿ ಹೊಲಿಸಿರಿ. ಪಾಲಿಯೆಸ್ಟರಿನ ಕೌದಿ ಬೆವರು ಹೀರದು. ಜರಿಯ ಸೀರೆಯನ್ನು ಹತ್ತಿಯ ಬಟ್ಟೆಯಲ್ಲಿ ಸುತ್ತಿ ಆಗಾಗ ಮಡಿಕೆ ಬದಲಿಸಿರಿ. ಇಲ್ಲವಾದರೆ ಮಡಿಕೆಯ ಗೆರೆಯಲ್ಲಿಯೇ ಜರಿ ಮುರಿಯುತ್ತದೆ.

ಆದರೆ ಬರುವ ದಾರಿಯನ್ನು ತಡೆಯದೆ ಇಷ್ಟೆಲ್ಲ ಮಾಡಿ ಫಲವಿಲ್ಲ. ಮಠದ ಪ್ರಸಾದ ನಿಲಯದಲ್ಲಿ ಒಂದೇ ಟ್ರಂಕಿನೊಡನೆ ವರ್ಷಗಳನ್ನು ಕಳೆದು ಓದಿದ ಹಳೆಯ ವಿದ್ಯಾರ್ಥಿಗಳೇ, ಈ ಮಾತನ್ನು ವಿಶೇಷವಾಗಿ ನಿಮಗೇ ಹೇಳುತ್ತಿದ್ದೇವೆ. ನಿಮ್ಮ ಮನೆಯ ಮುಂದಿನ ಲಗ್ನಪತ್ರಿಕೆಯಲ್ಲಿ "ಆಯೇರಿ ಕೊಡುವುದೂ ಇಲ್ಲ, ಕೊಳ್ಳುವುದೂ ಇಲ್ಲ" ಎಂದು ಅಚ್ಚು ಹಾಕಿಸಿರಿ. "ಆಯೇರಿ ತರಬಾರದು" ಎಂದಷ್ಟೇ ಹಾಕಿಸಿ, ಹೆಣ್ಣಿನ ಕಡೆಯವರಿಂದ ಮಾತ್ರ ಎಣಿಸಿ ತೆಗೆದುಕೊಂಡವರ ಪತ್ರಿಕೆಗಳನ್ನು ಈಗಾಗಲೇ ಸಾಕಷ್ಟು ಕಂಡಿದ್ದೇವೆ.