ಕುದುರೆಗೆ ಬರೆ, ಅನುಭವಕ್ಕೆ ಜೈ!

ಮೊನ್ನೆ ಆಫೀಸಿನಲ್ಲಿ ಚಹಾ ಕುಡೀತಾ ನಿಂತಿದ್ದಾಗ ಊರಲ್ಲಿ ದನಗಳಿಗೆ ಬರೆ ಹಾಕೋದರ ಬಗ್ಗೆ ಮಾತು ಬಂತು. ಗೆಳೆಯನೊಬ್ಬ ಅಂದ: "ಅಜ್ಜನ ಕಾಲದಿಂದ ನಡೆದು ಬಂದಿದ್ದು ಸುಳ್ಳಾಗುತ್ತೇನೋ ಮಾರಾಯ? ಅನುಭವದ ಮುಂದೆ ನಿನ್ನ ಸಂಶೋಧನೆ ಯಾವ ಲೆಕ್ಕ?" ಆಗ ನಂಗೆ ಉತ್ತರ ಹೊಳೀಲಿಲ್ಲ. ಈಗ ಹೊಳೆದಿದೆ. ಆ ಉತ್ತರ ಇರೋದು ಇಂಗ್ಲೆಂಡಿನ ಕುದುರೆಗಳ ಕಾಲಲ್ಲಿ!

ಕುದುರೆಯ ಮುಂಗಾಲಿನ ಹಿಂಬದಿಯಲ್ಲಿ ಹಗ್ಗದ ಹಾಗೆ ಇಳಿಯೋ ಟೆಂಡನ್ ಇರುತ್ತೆ. ರೇಸಿನ ರಭಸಕ್ಕೆ ಅದರ ಎಳೆಗಳು ಹರಿದರೆ ಕುದುರೆ ಕುಂಟುತ್ತೆ. ಅದಕ್ಕೆ ಅಲ್ಲಿ ತಲೆತಲಾಂತರದಿಂದ ನಡೆದು ಬಂದ ಚಿಕಿತ್ಸೆ ಏನು ಗೊತ್ತಾ? ಕಾದ ಕಬ್ಬಿಣದ ಬರೆ. ಹಾಕ್ತಿದ್ದವರು ನಾಟಿ ವೈದ್ಯರಲ್ಲ ಸ್ವಾಮಿ, ಪದವಿ ಪಡೆದ ಪಶುವೈದ್ಯರು. ಬಿಸಿಗೆ ರಕ್ತಸಂಚಾರ ಹೆಚ್ಚಿ ಗಾಯ ಬೇಗ ಮಾಯುತ್ತೆ, ಕಲೆ ಗಟ್ಟಿಯಾಗಿ ಕಾಲಿಗೆ ಪಟ್ಟಿ ಕಟ್ಟಿದ ಹಾಗೆ ಆಸರೆ ಕೊಡುತ್ತೆ ಅಂತ ವಾದ. ಬರೆ ಬಿದ್ದ ಎಷ್ಟೋ ಕುದುರೆಗಳು ಮತ್ತೆ ಓಡಿದ್ದೂ ನಿಜ. ಇನ್ನೇನು ಬೇಕು?

ಬೇಕಿತ್ತು. ಬರೆ ಹಾಕದ ಕುದುರೆಗಳನ್ನೂ ಪಕ್ಕದಲ್ಲಿಟ್ಟು ನೋಡಬೇಕಿತ್ತು. ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಆ ಕೆಲಸ ಮಾಡಿ 1983ರಲ್ಲಿ ಪ್ರಕಟಿಸಿದರು. ಬರೆಯಿಂದ ಟೆಂಡನ್ ವಾಸಿಯಾಗೋಕೆ ಯಾವ ಸಹಾಯವೂ ಆಗಿರಲಿಲ್ಲ. ಆಸರೆ ಕೊಡಬೇಕಿದ್ದ ಚರ್ಮವೂ ಗಟ್ಟಿಯಾಗಿರಲಿಲ್ಲ.

ಹಾಗಾದ್ರೆ ಕುದುರೆಗಳು ಗುಣವಾಗಿದ್ದು ಹೇಗೆ? ಬರೆ ಹಾಕಿದ ಮೇಲೆ ಅವನ್ನ ತಿಂಗಳುಗಟ್ಟಲೆ ಓಡಿಸದೆ ಬಿಡ್ತಿದ್ದರು. ವಾಸಿ ಮಾಡಿದ್ದು ವಿಶ್ರಾಂತಿ, ಹೆಸರು ತಗೊಂಡಿದ್ದು ಕಬ್ಬಿಣ! ನಮ್ಮ ಕೆಲಸದಲ್ಲೂ ಇದೇ ಕಥೆ. ಒಂದೇ ಸಲಕ್ಕೆ ಎರಡು ಕಡೆ ಕೋಡ್ ಬದಲಾಯಿಸ್ತೀವಿ, ಬಗ್ ಹೋಗುತ್ತೆ, ಯಾವುದರಿಂದ ಹೋಯ್ತು ಅಂತ ದೇವರಿಗೇ ಗೊತ್ತು. ನಮಗೆ ಬೇಕಾದ್ದಕ್ಕೆ ಹಾರ ಹಾಕ್ತೀವಿ.

ಬರೆ ಪರವಾಗಿ ಇನ್ನೊಂದು ವಾದವಿತ್ತು, ನನಗೆ ಸಿಟ್ಟು ತರಿಸಿದ್ದು ಅದೇ. ಬರೆ ಹಾಕದಿದ್ದರೆ ಮಾಲೀಕರು ಕುದುರೆಗೆ ವಿಶ್ರಾಂತಿ ಕೊಡೋದೇ ಇಲ್ಲ, ಬೇಗ ರೇಸಿಗೆ ಇಳಿಸ್ತಾರೆ ಅಂತೆ! ಅಂದ್ರೆ ಮಾಲೀಕನಿಗೆ ಬುದ್ಧಿ ಹೇಳೋಕೆ ಕುದುರೆಯ ಕಾಲು ಸುಡಬೇಕಾ? ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ ಇದು ವೃತ್ತಿಧರ್ಮಕ್ಕೆ ವಿರುದ್ಧ ಅಂತ ಹೇಳೋ ಹೊತ್ತಿಗೆ 1991 ಆಗಿತ್ತು. ಸಾಕ್ಷಿ ಸಿಕ್ಕ ಮೇಲೂ ಎಂಟು ವರ್ಷ.

ಅನುಭವಕ್ಕೆ ಬೆಲೆಯೇ ಇಲ್ಲ ಅಂತ ನಾನು ಹೇಳ್ತಿಲ್ಲ. ಕುದುರೆ ಕುಂಟೋದನ್ನ ಮೊದಲು ಗುರುತಿಸೋದು ಅದನ್ನ ದಿನಾ ನೋಡ್ಕೊಳ್ಳೋನ ಕಣ್ಣೇ. ಆದರೆ "ಆಮೇಲೆ ವಾಸಿಯಾಯ್ತು" ಅನ್ನೋದು ಬೇರೆ, "ಅದರಿಂದ ವಾಸಿಯಾಯ್ತು" ಅನ್ನೋದು ಬೇರೆ. ಈ ವ್ಯತ್ಯಾಸ ಕೇಳೋಕೆ ಕುದುರೆಗೆ ಬಾಯಿಲ್ಲ, ನಮ್ಮೂರ ದನಕ್ಕೂ ಇಲ್ಲ. ನಾವೇ ಕೇಳಬೇಕು.

ನಾಳೆ ಚಹಾಕ್ಕೆ ಗೆಳೆಯ ಸಿಗ್ತಾನೆ. ಈ ಸಲ ನಾನು ಸುಮ್ನಿರಲ್ಲ. ನೀವೇನಂತೀರಿ?