ಕೊಟ್ಟ ಮಾತಿಗೊಂದು ದಿನ

ಪ್ರತಿವರ್ಷ ಫೆಬ್ರವರಿ 6ರಂದು ನ್ಯೂಜಿಲೆಂಡಿನಲ್ಲಿ ರಾಷ್ಟ್ರೀಯ ರಜೆ. ಅಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳಿಗೂ ಅಂದು ಶಾಲೆಯಿಲ್ಲ. 1840ರ ಅದೇ ದಿನ ವೈಟಾಂಗಿ ಎಂಬಲ್ಲಿ ಬ್ರಿಟಿಷ್ ರಾಣಿಯ ಪ್ರತಿನಿಧಿಗೂ ಮೂಲನಿವಾಸಿಗಳಾದ ಮಾವೊರಿ ಮುಖ್ಯಸ್ಥರಿಗೂ ಒಪ್ಪಂದವಾಯಿತು. ಸಭೆಯಲ್ಲಿದ್ದ ಕಥೋಲಿಕ ಧರ್ಮಾಧ್ಯಕ್ಷ ಪೊಂಪಾಲಿಯೆಯವರು ಧರ್ಮಸ್ವಾತಂತ್ರ್ಯದ ಭರವಸೆ ಕೇಳಿದರು. ಮಾವೊರಿಗಳ ಆಚಾರವೂ ಸೇರಿದಂತೆ ಎಲ್ಲಕ್ಕೂ ರಕ್ಷಣೆಯುಂಟೆಂದು ಅಲ್ಲಿಯೇ ಓದಿ ಹೇಳಲಾಯಿತು.

ಒಪ್ಪಂದವು ಎರಡು ಭಾಷೆಗಳಲ್ಲಿತ್ತು. ಇಂಗ್ಲಿಷ್ ಪ್ರತಿ ಸಾರ್ವಭೌಮತ್ವವನ್ನೇ ರಾಣಿಗೆ ಒಪ್ಪಿಸಿತು. ಹೆಚ್ಚಿನ ಮುಖ್ಯಸ್ಥರು ಸಹಿ ಹಾಕಿದ ಮಾವೊರಿ ಪ್ರತಿ ಆಡಳಿತವನ್ನಷ್ಟೇ ಬಿಟ್ಟುಕೊಟ್ಟು, ನೆಲದ ಮೇಲಿನ ಯಜಮಾನಿಕೆಯನ್ನು ಅವರಲ್ಲಿಯೇ ಉಳಿಸಿತ್ತು. ಬಲವುಳ್ಳವರ ಅರ್ಥವೇ ಗೆದ್ದಿತು, ನೆಲ ಕೈತಪ್ಪಿತು. ಆ ದಿನಕ್ಕೆ ರಾಷ್ಟ್ರೀಯ ರಜೆ ದೊರೆತದ್ದು 1974ರಲ್ಲಿ. ದೂರು ಕೇಳುವ ನ್ಯಾಯಮಂಡಳಿ ಬಂದದ್ದು 1975ರಲ್ಲಿ. ಇಂದಿಗೂ ಅಂದು ಪ್ರಾರ್ಥನೆಯ ಜೊತೆಗೆ ಪ್ರತಿಭಟನೆಯ ದನಿಯೂ ಏಳುತ್ತದೆ. ಅದು ಸಹಜವೆಂದೇ ನಮ್ಮ ಭಾವನೆ. ಮಾತು ಕೊಟ್ಟ ದಿನವು ಲೆಕ್ಕ ಕೇಳುವ ದಿನವೂ ಆಗಬೇಕು.

ಈ ಸಂಗತಿ ರಿಪ್ಪನ್‌ಪೇಟೆಯ ಸುತ್ತಲಿನ ಮನೆಗಳಿಗೆ ಅಪರಿಚಿತವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟೆ ಸಿದ್ಧವಾದಾಗ ಸಾಗರ, ಹೊಸನಗರ ಸೀಮೆಯ ಜನರು ನಾಡಿನ ಬೆಳಕಿಗಾಗಿ ಗದ್ದೆ, ತೋಟ, ದೈವದ ಬನಗಳನ್ನು ಶರಾವತಿಗೆ ಒಪ್ಪಿಸಿ ಎದ್ದುಬಂದರು. ಬದಲಿ ಭೂಮಿಯ ಮಾತನ್ನು ಅವರು ನಂಬಿದ್ದರು. ಅವರಿಗೆ ತೋರಿಸಿದ ನೆಲ ಎಷ್ಟೋ ಕಡೆ ಕಡತದಲ್ಲಿ ಅರಣ್ಯವಾಗಿಯೇ ಉಳಿಯಿತು. ಅನೇಕ ಕುಟುಂಬಗಳಿಗೆ ಹಕ್ಕುಪತ್ರ ಇನ್ನೂ ಕೈಸೇರಿಲ್ಲ. 2006ರ ಅರಣ್ಯ ಹಕ್ಕು ಕಾಯಿದೆಯೂ ಪರಿಶಿಷ್ಟ ಪಂಗಡದವರಲ್ಲದವರಿಂದ 2005ಕ್ಕೆ ಹಿಂದಿನ 75 ವರ್ಷಗಳ ವಾಸದ ಆಧಾರ ಕೇಳುತ್ತದೆ. 1964ರಲ್ಲಿ ಬಂದವರು ಆ ಆಧಾರವನ್ನು ಎಲ್ಲಿಂದ ತಂದಾರು?

ಕೊಟ್ಟ ಮಾತಿನ ಅರ್ಥವನ್ನು ಅದನ್ನು ನಂಬಿದವನ ಕಿವಿಯಿಂದ ಅಳೆಯಬೇಕು, ಕೊಟ್ಟವನ ಕಡತದಿಂದಲ್ಲ. ಸರಕಾರಕ್ಕೆ ಸಲ್ಲುವ ಈ ಮಾತು ಮನೆಗಳಿಗೂ ಸಲ್ಲುತ್ತದೆ. ಬಾಯಿಮಾತಿನಲ್ಲಿ ಒಪ್ಪಿದ ತಂಗಿಯ ಪಾಲು, ತೋಟದ ಆಳಿಗೆ ತೋರಿಸಿದ ಮನೆಯ ಜಾಗ, ಇವು ಕಾಗದಕ್ಕೆ ಬಂದಿವೆಯೇ? ಸಂಜೆಯ ಜಪಸರ ಮುಗಿದ ಬಳಿಕ ಕುಟುಂಬಗಳು ಇದನ್ನು ಮಕ್ಕಳ ಮುಂದೆಯೇ ವಿಚಾರಿಸಲಿ. ನೆರೆಮನೆಯ ಮುಳುಗಡೆಯ ಹಿರಿಯರ ಅರ್ಜಿ ಬರೆಯಲು ಓದುಬಲ್ಲ ಮಕ್ಕಳು ಒಂದು ಭಾನುವಾರವನ್ನಾದರೂ ಮೀಸಲಿಡಲಿ.